ಸೊಂಟದ ಸುತ್ತ ಒಂದು ಗಡಿಯಾರ

ಎಲೆಯಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯೆಲ್ಲ ಓಡಾಡುತ್ತಿದ್ದ ಅಜ್ಜಿಯರನ್ನು ಕಂಡವರ ಸಂಖ್ಯೆ ಈಗ ಕಡಿಮೆಯಾಗುತ್ತಿದೆ. ಆ ಸಂಚಿಯಲ್ಲಿ ಎಲೆಗೊಂದು ಮನೆ, ಅಡಿಕೆಗೊಂದು ಮನೆ, ಸುಣ್ಣದ ಡಬ್ಬಿಗೊಂದು ಮೂಲೆ. ದೀಪವಿಲ್ಲದ ಇರುಳಿನಲ್ಲಿ, ಮಾತಿನ ಭರದಲ್ಲಿ, ಕಣ್ಣು ಮೊಮ್ಮಗುವಿನ ಮೇಲೆ ನೆಟ್ಟಿರುವಾಗಲೂ ಅಜ್ಜಿಯ ಬೆರಳು ನೇರವಾಗಿ ಹೋಗಿ ಸುಣ್ಣದ ಡಬ್ಬಿಯನ್ನೇ ಮುಟ್ಟುತ್ತಿತ್ತು. ತುಂಟ ಹುಡುಗನೊಬ್ಬ ಡಬ್ಬಿಯ ಜಾಗವನ್ನು ಬದಲಿಸಿಟ್ಟರೆ ಆಕೆಗೆ ಬರುತ್ತಿದ್ದ ಸಿಟ್ಟು ಸಾಮಾನ್ಯವಾದುದಲ್ಲ. ವಸ್ತು ಕಳೆದುದಕ್ಕಲ್ಲ ಆ ಸಿಟ್ಟು, ಬೆರಳು ಮೋಸಹೋದುದಕ್ಕೆ.

ಸೊಂಟದಲ್ಲಿ ಹೊತ್ತ ಸಾಮಾನನ್ನು ಕಣ್ಣಿನ ನೆರವಿಲ್ಲದೆ ಕೈ ತಾನಾಗಿ ಕಂಡುಕೊಳ್ಳಬೇಕೆಂಬ ಈ ಅಗತ್ಯವೇ ಮತ್ತೊಂದು ಖಂಡದಲ್ಲಿ, ಮತ್ತೊಂದು ಉದ್ಯೋಗದಲ್ಲಿ, ಜೀವನ್ಮರಣದ ಪ್ರಶ್ನೆಯಾಗಿ ನಿಂತಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಗಸ್ತು ತಿರುಗುವ ಪೋಲೀಸ್ ಅಧಿಕಾರಿ ತನ್ನ ಪಾಳಿಗೆ ಹೊರಡುವ ಮೊದಲು ಕಟ್ಟಿಕೊಳ್ಳುವ ನಡುಪಟ್ಟಿಯೂ ಒಂದು ಬಗೆಯ ಸಂಚಿಯೇ. ಅದರಲ್ಲಿ ಎಲೆಯಡಿಕೆಯ ಬದಲು ಪಿಸ್ತೂಲು, ಅದರ ಗುಂಡು ತುಂಬಿದ ಮ್ಯಾಗಜಿನ್‌ಗಳು, ಕೈಕೋಳ, ಲಾಠಿ, ವೈರ್‌ಲೆಸ್ ಯಂತ್ರ, ಟಾರ್ಚು, ಮೆಣಸಿನ ಸಿಂಚನದ ಡಬ್ಬಿ, ವಿದ್ಯುತ್ತಿನ ಆಘಾತ ಕೊಡುವ ಟೇಸರ್ ಮುಂತಾದವು ಇರುತ್ತವೆ. ಎಲ್ಲವೂ ಸೇರಿದಾಗ ತೂಕ ಏಳೆಂಟು ಕಿಲೋಗ್ರಾಂ. ಕೆಲವರದು ಹತ್ತು ಕಿಲೋಗ್ರಾಂ ಮೀರುವುದೂ ಉಂಟು. ಎರಡು ವರ್ಷದ ಮಗುವೊಂದನ್ನು ಎಂಟು ಹತ್ತು ಗಂಟೆಗಳ ಕಾಲ ಸೊಂಟದಿಂದ ಕೆಳಗಿಳಿಸದೆ ತಿರುಗುವುದೆಂದರೇನೆಂಬುದನ್ನು ತಾಯಂದಿರಿಗೆ ವಿವರಿಸಿ ಹೇಳಬೇಕಾದುದಿಲ್ಲ.

ಪಟ್ಟಿಯೆಂದರೆ ಒಂದೇ ಪಟ್ಟಿಯಲ್ಲ. ಷರಾಯಿಯ ಸುತ್ತುಬಳೆಗಳಲ್ಲಿ ಹಾಯುವ ಒಳಪಟ್ಟಿಯೊಂದು. ಅದರ ಮೇಲೆ ಸುಮಾರು ಎರಡೂಕಾಲು ಅಂಗುಲ ಅಗಲದ, ಗಡುಸಾದ ಹೊರಪಟ್ಟಿಯೊಂದು. ಇವೆರಡನ್ನೂ ಬಂಧಿಸಲು ಗುಂಡಿಯುಳ್ಳ ನಾಲ್ಕು ಪುಟ್ಟ ಕಟ್ಟುಗಳು. ಈ ಕಟ್ಟುಗಳಿಲ್ಲದಿದ್ದರೆ ಓಡುವಾಗ ಹೊರಪಟ್ಟಿ ಸೊಂಟದ ಸುತ್ತ ತಿರುಗಿಬಿಡುತ್ತದೆ. ಬಲಕ್ಕಿದ್ದ ಪಿಸ್ತೂಲು ಬೆನ್ನಿಗೆ ಹೋಗುತ್ತದೆ. ನೋಡುವವರಿಗೆ ಇವು ಅಲಂಕಾರದಂತೆ ಕಾಣುತ್ತವೆ. ಆದರೆ ಇಡೀ ವ್ಯವಸ್ಥೆ ನಿಂತಿರುವುದು ಇವುಗಳ ಮೇಲೆಯೇ.

ಈ ಪಟ್ಟಿಯ ವಂಶವೃಕ್ಷದ ಬೇರು ಭಾರತದ ಮಣ್ಣಿನಲ್ಲಿದೆಯೆಂಬುದು ಕುತೂಹಲದ ಸಂಗತಿ. 1824ರಲ್ಲಿ ಬಂಗಾಳದ ಬ್ಯಾರಕ್‌ಪುರದಲ್ಲಿ ಹುಟ್ಟಿದ ಸ್ಯಾಮ್ಯುಯೆಲ್ ಬ್ರೌನ್ ಎಂಬ ಆಂಗ್ಲ ಸೇನಾಧಿಕಾರಿ ಪಂಜಾಬಿನ ಕುದುರೆಪಡೆಯೊಂದನ್ನು ನಡೆಸುತ್ತಿದ್ದ. 1858ರ ಆಗಸ್ಟ್ 31ರಂದು, ಸ್ವಾತಂತ್ರ್ಯಸಮರದ ಕಡೆಯ ದಿನಗಳಲ್ಲಿ, ಪಿಲಿಭಿತ್ ಸಮೀಪದ ಕದನದಲ್ಲಿ ಎದುರಾಳಿಗಳ ಫಿರಂಗಿಯೊಂದರ ಮೇಲೆ ಒಬ್ಬನೇ ಸಂಗಡಿಗನೊಡನೆ ನುಗ್ಗಿದ ಬ್ರೌನ್, ಕತ್ತಿಯ ಏಟಿಗೆ ಎಡತೋಳನ್ನು ಭುಜದವರೆಗೂ ಕಳೆದುಕೊಂಡ. ಬ್ರಿಟಿಷರು ಆತನಿಗೆ ವಿಕ್ಟೋರಿಯಾ ಕ್ರಾಸ್ ಕೊಟ್ಟರು. ಆ ಏಟನ್ನು ಕೊಟ್ಟ ಭಾರತೀಯನ ಹೆಸರನ್ನು ಯಾರೂ ಬರೆದಿಟ್ಟಂತೆ ಕಾಣುವುದಿಲ್ಲ. ಆದರೆ ಪಟ್ಟಿಯ ಚರಿತ್ರೆಯಲ್ಲಿ ಆತನಿಗೂ ಪಾಲುಂಟು.

ಏಕೆಂದರೆ ಕತ್ತಿಯನ್ನು ಬಲಗೈಯಿಂದ ಹಿರಿಯುವಾಗ ಎಡಗೈ ಒರೆಯನ್ನು ಅಲುಗಾಡದಂತೆ ಹಿಡಿದಿರಬೇಕು. ಎಡಗೈಯೇ ಇಲ್ಲದವನು ಏನು ಮಾಡಬೇಕು? ಗಟ್ಟಿಯಾದ ಚರ್ಮದ ನಡುಪಟ್ಟಿ, ಅದಕ್ಕೆ ಒರೆಯನ್ನು ಬಿಗಿಯುವ ಕೊಂಡಿ, ಆ ಭಾರದಿಂದ ಪಟ್ಟಿ ಎಡಕ್ಕೆ ಜೋಲದಂತೆ ಬಲಭುಜದ ಮೇಲಿಂದ ಎದೆಗೆ ಅಡ್ಡಲಾಗಿ ಬರುವ ಮತ್ತೊಂದು ಪಟ್ಟಿ, ಹೀಗೆ ಬ್ರೌನ್ ತನ್ನ ಊನಕ್ಕೆ ತಾನೇ ಪರಿಹಾರ ಕಂಡುಕೊಂಡನೆಂಬುದು ಪ್ರಸಿದ್ಧವಾದ ವೃತ್ತಾಂತ. ಎರಡು ಕೈಯಿದ್ದವರಿಗೂ ಅದು ಅನುಕೂಲವೆನಿಸಿತು. ಮೊದಲು ಭಾರತದಲ್ಲಿದ್ದ ಸೇನಾಧಿಕಾರಿಗಳು, ಆಮೇಲೆ ಬ್ರಿಟಿಷ್ ಸೈನ್ಯ, ಮೊದಲನೆಯ ಮಹಾಯುದ್ಧದ ತರುವಾಯ ಅಮೆರಿಕದ ಸೈನ್ಯ ಅದನ್ನು ಧರಿಸಿದವು. ಪೋಲೀಸರೂ ಹಿಂದೆ ಬೀಳಲಿಲ್ಲ. ಹಳೆಯ ಕನ್ನಡ ಚಲನಚಿತ್ರಗಳ ಕೊನೆಯ ದೃಶ್ಯದಲ್ಲಿ ತಡವಾಗಿ ಬಂದು ಖಳನಾಯಕನನ್ನು ಹಿಡಿಯುವ ಇನ್ಸ್‌ಪೆಕ್ಟರನ ಎದೆಯ ಮೇಲಿನ ಅಡ್ಡಪಟ್ಟಿಯೂ ಇದೇ ಬ್ರೌನನ ಪಟ್ಟಿ. ಅಮೆರಿಕದ ಅನೇಕ ಇಲಾಖೆಗಳು ಮುಂದೆ ಆ ಅಡ್ಡಪಟ್ಟಿಯನ್ನು ಬಿಟ್ಟುಬಿಟ್ಟವು. ಜಗಳಕ್ಕೆ ಬಿದ್ದವನಿಗೆ ಅದು ಹಿಡಿದೆಳೆಯಲು ಒದಗುವ ಹಗ್ಗವಾಗುತ್ತದೆಂಬುದೊಂದು ಕಾರಣ. ಭುಜದ ಪಟ್ಟಿ ಹೋದರೂ ಅಲ್ಲಿನ ಎಷ್ಟೋ ಪೋಲೀಸರು ಇಂದಿಗೂ ಸೊಂಟದ ಪಟ್ಟಿಯನ್ನು ‘ಸ್ಯಾಮ್ ಬ್ರೌನ್’ ಎಂದೇ ಕರೆಯುತ್ತಾರೆ.

ಇನ್ನು ಜೋಡಣೆಯ ವಿಷಯ. ಹೊಸದಾಗಿ ಸೇರಿದವರಿಗೆ ಇದನ್ನು ಕಲಿಸುವಾಗ ಗಡಿಯಾರದ ಮುಖವನ್ನು ನೆನೆಯುವಂತೆ ಹೇಳುವುದು ವಾಡಿಕೆ. ಹೊಕ್ಕುಳಿನ ಮುಂದಿರುವ ಬಕ್ಕಲ್ಲು ಹನ್ನೆರಡು ಗಂಟೆ, ಬಲ ಸೊಂಟ ಮೂರು, ಬೆನ್ನುಮೂಳೆ ಆರು, ಎಡ ಸೊಂಟ ಒಂಬತ್ತು. ಬಲಗೈಯವನ ಪಿಸ್ತೂಲು ಮೂರು ಗಂಟೆಯಲ್ಲಿರಬೇಕು. ತೋಳನ್ನು ಇಳಿಬಿಟ್ಟರೆ ಅಂಗೈ ಸಹಜವಾಗಿ ಬಂದು ನಿಲ್ಲುವ ಜಾಗವದು. ಇದೊಂದರ ವಿಷಯದಲ್ಲಿ ಚರ್ಚೆಯಿಲ್ಲ. ಮೊದಲು ಪಿಸ್ತೂಲಿಗೆ ಸ್ಥಳ ಕೊಟ್ಟು, ಉಳಿದುದೆಲ್ಲವನ್ನೂ ಅದಕ್ಕೆ ಅನುಸರಿಸಿ ಇಡುತ್ತಾರೆ.

ಪಿಸ್ತೂಲಿನ ಒರೆಯಲ್ಲಿಯೇ ಒಂದು ವಿರೋಧಾಭಾಸವುಂಟು. ಒಡೆಯನ ಕೈಗೆ ಅದು ಕ್ಷಣಾರ್ಧದಲ್ಲಿ ಸಿಗಬೇಕು. ಇತರರ ಕೈಗೆ ಎಂದಿಗೂ ಸಿಗಬಾರದು. ಹೆಣಗಾಟದಲ್ಲಿ ತಮ್ಮದೇ ಪಿಸ್ತೂಲನ್ನು ಎದುರಾಳಿ ಕಿತ್ತುಕೊಂಡದ್ದರಿಂದ ಪ್ರಾಣ ಬಿಟ್ಟ ಅಧಿಕಾರಿಗಳು ಅಮೆರಿಕದಲ್ಲಿ ಒಬ್ಬಿಬ್ಬರಲ್ಲ. ಆದುದರಿಂದ ಇಂದಿನ ಒರೆಗಳಲ್ಲಿ ಎರಡು ಮೂರು ಬಗೆಯ ಅಗುಳಿಗಳಿರುತ್ತವೆ. ಹೆಬ್ಬೆರಳಿನಿಂದ ಒಂದನ್ನು ಒತ್ತಿ, ಒಂದನ್ನು ಮುಂದಕ್ಕೆ ಮಗುಚಿ, ಆಮೇಲೆ ನೇರ ಮೇಲಕ್ಕೆ ಎಳೆಯಬೇಕು. ಪಕ್ಕಕ್ಕೋ ಹಿಂದಕ್ಕೋ ಎಳೆದರೆ ಬಾರದು. ಈ ಮೂರು ಚಲನೆಗಳು ಒಂದೇ ಚಲನೆಯಾಗುವವರೆಗೆ ಅಭ್ಯಾಸ ಮಾಡಬೇಕು. ಸಾವಿರಾರು ಸಲ ಮಾಡಿದ ಮೇಲೆ ಅದು ಬುದ್ಧಿಯ ಕೆಲಸವಾಗಿ ಉಳಿಯುವುದಿಲ್ಲ, ಕೈಯ ಕೆಲಸವಾಗುತ್ತದೆ. ಈ ಮಾತು ಮುಂದೆ ಬರುವ ಒಂದು ದುರಂತಕ್ಕೆ ಸಂಬಂಧಿಸಿದುದು.

ಬಲಗೈ ಪಿಸ್ತೂಲಿಗೆ ಮೀಸಲಾದರೆ ಉಳಿದ ಕೆಲಸವೆಲ್ಲ ಎಡಗೈಗೆ ಬರುತ್ತದೆ. ಮರುತುಂಬುವ ಮ್ಯಾಗಜಿನ್‌ಗಳು ಬಕ್ಕಲ್ಲಿನ ಎಡಕ್ಕೆ, ಹನ್ನೊಂದು ಗಂಟೆಯ ಹತ್ತಿರ. ವೈರ್‌ಲೆಸ್ ಯಂತ್ರ ಎಡ ಸೊಂಟದ ಹಿಂದೆ. ಅದರ ತಂತಿ ಬೆನ್ನಿನ ಮೇಲೆ ಹಾಯ್ದು ಭುಜದ ಬಳಿಯ ಪುಟ್ಟ ಮೈಕಿಗೆ ಬರುತ್ತದೆ. ಟಾರ್ಚು ಕೂಡ ಎಡಕ್ಕೆ, ಏಕೆಂದರೆ ಕತ್ತಲ ಕೋಣೆಯಲ್ಲಿ ಬೆಳಕು ಎಡಗೈಯಲ್ಲಿರಬೇಕು. ಲಾಠಿಯದು ಒಂದು ಕಾಲಕ್ಕೆ ದೊಡ್ಡ ತೊಂದರೆಯಾಗಿತ್ತು. ಉದ್ದನೆಯ ಮರದ ಲಾಠಿಯನ್ನು ಪಟ್ಟಿಯ ಬಳೆಯಲ್ಲಿ ತೂಗುಹಾಕಿಕೊಂಡವನು ಕಾರಿನೊಳಗೆ ಕೂಡುವಾಗ ಅದನ್ನು ತೆಗೆದಿಡಬೇಕಾಗಿತ್ತು. ಅವಸರದಲ್ಲಿ ಇಳಿಯುವಾಗ ಅದನ್ನು ಕಾರಿನಲ್ಲಿಯೇ ಮರೆಯುತ್ತಿದ್ದ. ಮಡಚಿದರೆ ಗೇಣುದ್ದವಾಗಿ, ಕೊಡವಿದರೆ ಉದ್ದವಾಗುವ ಉಕ್ಕಿನ ಲಾಠಿ ಬಂದ ಮೇಲೆ ಆ ಪೇಚಾಟ ತಪ್ಪಿತು.

ಕೈಕೋಳಗಳ ಸ್ಥಾನದಲ್ಲಿ ಹಳಬರಿಗೂ ಹೊಸಬರಿಗೂ ಭಿನ್ನಾಭಿಪ್ರಾಯವಿದೆ. ಹಿಂದೆ ಅವನ್ನು ಸರಿಯಾಗಿ ಬೆನ್ನುಮೂಳೆಯ ಮೇಲೆ, ಆರು ಗಂಟೆಯಲ್ಲಿ ಇಡುತ್ತಿದ್ದರು. ಎರಡು ಕೈಗೂ ಸಮಾನವಾಗಿ ಎಟುಕುತ್ತದೆಂಬುದು ಅದಕ್ಕೆ ಸಮರ್ಥನೆ. ಆದರೆ ಮಂಜುಗಡ್ಡೆಯ ರಸ್ತೆಯಲ್ಲಿ ಜಾರಿ, ಅಥವಾ ಯಾರೋ ತಳ್ಳಿದುದರಿಂದ ಹಿಮ್ಮುಖವಾಗಿ ಬಿದ್ದಾಗ ಆ ಉಕ್ಕಿನ ಗಂಟಿನ ಮೇಲೆಯೇ ಬೆನ್ನುಮೂಳೆ ಬೀಳುತ್ತದೆ. ಅಲ್ಲದೆ ಕಾರಿನಲ್ಲಿ ದಿನವೆಲ್ಲ ಕುಳಿತರೆ ಅದು ಸೊಂಟದ ಗುಳಿಯನ್ನು ಒತ್ತುತ್ತಲೇ ಇರುತ್ತದೆ. ಆದುದರಿಂದ ಐದರಿಂದ ಏಳು ಗಂಟೆಯವರೆಗೆ ಗಟ್ಟಿಯಾದುದೇನನ್ನೂ ಇಡಬಾರದೆಂದು ಈಗಿನವರು ಹೇಳುತ್ತಾರೆ. ಇಟ್ಟರೆ ರಬ್ಬರಿನ ಕೈಗವಸುಗಳ ಮೆತ್ತನೆಯ ಚೀಲವೊಂದನ್ನು ಇಡಬಹುದು. ಮತ್ತೊಂದು ಸಂಗತಿ: ಅಲ್ಲಿ ರೂಢಿಯಲ್ಲಿರುವ ಕೈಕೋಳಗಳಲ್ಲಿ ಬಹುಪಾಲು ಒಂದೇ ಬಗೆಯ ಬೀಗದ ಕೈಗೆ ತೆರೆಯುತ್ತವೆ. ತನ್ನ ಕೋಳವನ್ನು ತನಗೇ ಯಾರಾದರೂ ತೊಡಿಸಿಯಾರೆಂಬ ಮುಂದಾಲೋಚನೆಯಿಂದ ಎಷ್ಟೋ ಮಂದಿ ಪಟ್ಟಿಯ ಹಿಂಬದಿಯಲ್ಲಿ, ಬೆರಳಿಗೆ ಮಾತ್ರ ಗೊತ್ತಿರುವ ಜಾಗದಲ್ಲಿ, ಬೀಗದ ಕೈಯೊಂದನ್ನು ಬಚ್ಚಿಟ್ಟಿರುತ್ತಾರೆ.

2012ರ ಡಿಸೆಂಬರಿನಲ್ಲಿ ಕನೆಕ್ಟಿಕಟ್ ಸಂಸ್ಥಾನದ ನ್ಯೂಟೌನ್ ಊರಿನ ಪ್ರಾಥಮಿಕ ಶಾಲೆಯಲ್ಲಿ ನಡೆದ ಮಕ್ಕಳ ಹತ್ಯೆಯ ತರುವಾಯ, ಗಾಯಾಳುವಿನ ರಕ್ತ ನಿಲ್ಲಿಸುವ ಕೆಲಸ ವೈದ್ಯರಿಗಾಗಿ ಕಾಯಬಾರದೆಂದು ಶಸ್ತ್ರಚಿಕಿತ್ಸಕರ ಮಂಡಲಿಯೊಂದು ಸಲಹೆ ಮಾಡಿತು. ಅಂದಿನಿಂದ ತೋಳು ತೊಡೆಗಳನ್ನು ಬಿಗಿದು ರಕ್ತಸ್ರಾವ ತಡೆಯುವ ಟೂರ್ನಿಕೆಟ್ ಪಟ್ಟಿಯೂ ಪೋಲೀಸರ ಸೊಂಟವನ್ನು ಸೇರತೊಡಗಿತು. ಅದರ ಜಾಗ ಹನ್ನೆರಡು ಗಂಟೆಯ ಆಸುಪಾಸು. ಯಾವ ತೋಳಿಗೆ ಗುಂಡು ತಗಲಿದರೂ ಉಳಿದ ತೋಳಿಗೆ ಎಟುಕಬೇಕಲ್ಲವೆ? ಹೀಗೆ ಪ್ರತಿಯೊಂದು ದುರ್ಘಟನೆಯೂ ಪಟ್ಟಿಗೆ ಒಂದೊಂದು ವಸ್ತುವನ್ನು ಸೇರಿಸಿ ಹೋಗಿದೆ. ತೆಗೆದುಹಾಕಿದ್ದು ಮಾತ್ರ ಅಪರೂಪ.

ಇಲ್ಲಿಯೇ ಲೆಕ್ಕ ತಪ್ಪುವುದು. ಸಾಮಾನು ಹೆಚ್ಚುತ್ತದೆ, ಸೊಂಟ ಹೆಚ್ಚುವುದಿಲ್ಲ. (ಹೆಚ್ಚಿದರೆ ಮೇಲಧಿಕಾರಿ ಆಕ್ಷೇಪಿಸುತ್ತಾನೆ!) ಇಪ್ಪತ್ತೆಂಟು ಅಂಗುಲದ ಸೊಂಟವೊಂದನ್ನು ತೆಗೆದುಕೊಳ್ಳೋಣ. ಬಕ್ಕಲ್ಲಿಗೆ ಮೂರು ಅಂಗುಲ, ಬೆನ್ನುಮೂಳೆಗೆ ಬಿಟ್ಟ ಜಾಗ ಐದು ಅಂಗುಲ, ನಾಲ್ಕು ಕಟ್ಟುಗಳಿಗೆ ನಾಲ್ಕು ಅಂಗುಲ ಕಳೆದರೆ ಮಿಕ್ಕುದು ಹದಿನಾರು. ಒಂದೊಂದು ಚೀಲಕ್ಕೆ ಎರಡೂವರೆ ಅಂಗುಲವೆಂದರೂ ಎಂಟು ಸಾಮಾನಿಗೆ ಇಪ್ಪತ್ತು ಅಂಗುಲ ಬೇಕು. ನಲವತ್ತು ಅಂಗುಲದ ದಢೂತಿ ಅಧಿಕಾರಿಗೆ ಇನ್ನೂ ಎಂಟು ಅಂಗುಲ ಉಳಿಯುವಲ್ಲಿ ತೆಳ್ಳಗಿನವರಿಗೆ ನಾಲ್ಕು ಅಂಗುಲ ಸಾಲದು. ಅವರು ಬೆನ್ನುಮೂಳೆಯ ಮೇಲೆ ಇಡಬಾರದುದನ್ನು ಇಡುತ್ತಾರೆ, ಇಲ್ಲವೆ ಇಟ್ಟುಕೊಳ್ಳಬೇಕಾದುದನ್ನು ಬಿಡುತ್ತಾರೆ.

ಈ ಕಷ್ಟ ಹೆಚ್ಚಾಗಿ ಬಂದದ್ದು ಸ್ತ್ರೀಯರಿಗೆ. ಪಟ್ಟಿಯನ್ನೂ ಒರೆಯನ್ನೂ ರೂಪಿಸಿದವರ ಕಣ್ಣಿನ ಮುಂದೆ ಇದ್ದುದು ನೇರವಾಗಿ ಇಳಿಯುವ ಗಂಡಸಿನ ಸೊಂಟ. ಹೆಂಗಸಿನ ನಿತಂಬದ ಉಬ್ಬು ಒರೆಯ ಕೆಳತುದಿಯನ್ನು ಹೊರಕ್ಕೆ ನೂಕುತ್ತದೆ; ಆಗ ಪಿಸ್ತೂಲಿನ ಹಿಡಿ ಒಳಕ್ಕೆ ವಾಲಿ ಪಕ್ಕೆಲುಬನ್ನು ತಿವಿಯುತ್ತದೆ. ಒರೆಯನ್ನು ಪಟ್ಟಿಗಿಂತ ಕೆಳಗಿಳಿಸಿ, ದೇಹದಿಂದ ಸ್ವಲ್ಪ ದೂರಕ್ಕೆ ಹಿಡಿಯುವ ಜೋಡಣೆಗಳು ಆಮೇಲೆ ಬಂದವು. ಇನ್ನು ಪ್ರಕೃತಿಯ ಕರೆಗೆ ಹೋಗಬೇಕಾದರೆ ನಾಲ್ಕು ಕಟ್ಟುಗಳನ್ನು ಬಿಚ್ಚಿ, ಇಷ್ಟೆಲ್ಲ ಆಯುಧಗಳನ್ನು ಎಲ್ಲಿಯಾದರೂ ತೂಗುಹಾಕಿ, ಮತ್ತೆ ಕಟ್ಟಿಕೊಂಡು ಬರಬೇಕು. ಪಾಳಿಯುದ್ದಕ್ಕೂ ನೀರು ಕುಡಿಯದೆ ಕಳೆಯುವವರಿದ್ದಾರೆಂದರೆ ಆಶ್ಚರ್ಯವೇನು?

ಕಾರಿನ ಆಸನವೂ ಈ ಪಟ್ಟಿಗೆ ಶತ್ರು. ಅಮೆರಿಕದಲ್ಲಿ ಚಾಲಕ ಕೂಡುವುದು ಎಡಕ್ಕೆ. ಆಸನದ ರಕ್ಷಾಪಟ್ಟಿಯ ಕೊಂಡಿ ಇರುವುದು ಅವನ ಬಲ ಸೊಂಟದ ಬಳಿ. ಅಂದರೆ ಪಿಸ್ತೂಲಿನ ಜಾಗದಲ್ಲಿಯೇ. ಕೊಂಡಿ ಬಿಚ್ಚಲು ಹೋದ ಕೈ ಪಿಸ್ತೂಲಿಗೆ ತಾಗುತ್ತದೆ, ಪಿಸ್ತೂಲು ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಬಲಕ್ಕೆ ಕುಳಿತು ಕಾರು ನಡೆಸುವ ಭಾರತದಲ್ಲಿ ಕೊಂಡಿ ಎಡಕ್ಕಿರುವುದರಿಂದ ಬಲಗೈಯವರಿಗೆ ಈ ಗೋಳಿಲ್ಲ.

ಇದೆಲ್ಲ ಸೌಕರ್ಯ ಅಸೌಕರ್ಯದ ಮಾತಾಯಿತು. ಪಟ್ಟಿಯ ಮೇಲಿನ ಒಂದು ಚೀಲದ ರಚನೆಯೇ ಪ್ರಾಣಕ್ಕೆ ಸಂಬಂಧಿಸಿದುದೆಂದು ಅಮೆರಿಕದ ಪೋಲೀಸರು ಮನಗಂಡ ಒಂದು ರಾತ್ರಿಯುಂಟು. 1970ರ ಏಪ್ರಿಲ್ 5ರ ರಾತ್ರಿ ಕಳೆದು 6ನೆಯ ತಾರೀಖು ಹುಟ್ಟುವ ಹೊತ್ತಿನಲ್ಲಿ, ಕ್ಯಾಲಿಫೋರ್ನಿಯಾದ ನ್ಯೂಹಾಲ್ ಎಂಬಲ್ಲಿ ಇಬ್ಬರು ಪಾತಕಿಗಳಿದ್ದ ಕಾರನ್ನು ಹೆದ್ದಾರಿಯ ಗಸ್ತು ಪೋಲೀಸರು ನಿಲ್ಲಿಸಿದರು. ಐದು ನಿಮಿಷ ತುಂಬುವುದರೊಳಗೆ ನಾಲ್ವರು ಅಧಿಕಾರಿಗಳು ಸತ್ತುಬಿದ್ದಿದ್ದರು. ನಾಲ್ವರೂ ಇಪ್ಪತ್ತೈದು ತುಂಬದ ತರುಣರು. ಮನೆಯಲ್ಲಿ ಎಳೆಯ ಹೆಂಡಂದಿರು, ಮಕ್ಕಳು.

ಅಂದು ಅವರ ಕೈಯಲ್ಲಿದ್ದುದು ಆರು ಗುಂಡಿನ ರಿವಾಲ್ವರು. ಮರುತುಂಬಲು ಬೇಕಾದ ತೋಟಾಗಳು ಪಟ್ಟಿಯ ಮೇಲಿನ ಚರ್ಮದ ಚೀಲದಲ್ಲಿ ಬಿಡಿಬಿಡಿಯಾಗಿರುತ್ತಿದ್ದವು. ಗುಂಡಿ ಬಿಚ್ಚಿದರೆ ಅಂಗೈಗೆ ಸುರಿಯುತ್ತಿದ್ದವು. ಕತ್ತಲೆಯಲ್ಲಿ, ನಡುಗುವ ಕೈಯಲ್ಲಿ, ಒಂದೊಂದನ್ನೇ ಆಯ್ದು ಒಂದೊಂದೇ ಕುಳಿಗೆ ಸೇರಿಸಬೇಕು. ನಾಲ್ವರಲ್ಲಿ ಕೊನೆಯವನು ಹೀಗೆ ತುಂಬುತ್ತಿದ್ದಾಗಲೇ ಪಾತಕಿ ಬಳಿಸಾರಿ ಅವನನ್ನು ಕೊಂದ. ಆತನ ಜೇಬಿನಲ್ಲಿ ಖಾಲಿ ತೋಟಾಗಳು ಸಿಕ್ಕವೆಂದೂ, ಅಭ್ಯಾಸದ ಮೈದಾನದಲ್ಲಿ ಖಾಲಿ ತೋಟಾಗಳನ್ನು ನೆಲಕ್ಕೆ ಚೆಲ್ಲದೆ ಜೇಬಿಗೆ ಹಾಕಿಕೊಳ್ಳುವ ಶಿಸ್ತು ಆ ಕ್ಷಣದಲ್ಲಿಯೂ ಕೈಯನ್ನು ಬಿಡಲಿಲ್ಲವೆಂದೂ ಪೋಲೀಸ್ ಶಾಲೆಗಳಲ್ಲಿ ವರ್ಷಗಟ್ಟಲೆ ಹೇಳುತ್ತ ಬಂದರು. ಮುಂದೆ ದಾಖಲೆಗಳನ್ನು ಕೆದಕಿ ನೋಡಿದವರು ಈ ಕಥೆಯನ್ನು ಅಲ್ಲಗಳೆದಿದ್ದಾರೆ. ಆದರೆ ಅದು ಅಷ್ಟು ಕಾಲ ನಂಬಿಕೆಗೆ ಪಾತ್ರವಾಗಿ ಉಳಿದದ್ದೇಕೆಂಬುದನ್ನು ಊಹಿಸುವುದು ಕಷ್ಟವಲ್ಲ: ಕೇಳಿದ ಪ್ರತಿಯೊಬ್ಬ ಪೋಲೀಸನಿಗೂ ತನ್ನ ಕೈ ಹಾಗೆಯೇ ಮಾಡೀತೆಂಬ ಭಯವಿತ್ತು. ಆ ಘಟನೆಯ ಅನಂತರ ಆ ಇಲಾಖೆ ತನ್ನವರಿಗೆ ಆರು ತೋಟಾಗಳನ್ನೂ ಒಮ್ಮೆಗೇ ತುಂಬುವ ದುಂಡನೆಯ ಸಾಧನವನ್ನು ಕೊಟ್ಟಿತು. ಪಟ್ಟಿಯ ಮೇಲೆ ಹಳೆಯ ಚೀಲ ಹೋಗಿ ಹೊಸದು ಬಂತು. ಮುಂದೆ ರಿವಾಲ್ವರೇ ಹೋಗಿ, ಮ್ಯಾಗಜಿನ್ ಸಿಕ್ಕಿಸುವ ಪಿಸ್ತೂಲು ಬಂತು.

ಗುಂಡು ಹಾರಿಸದೆ ಮನುಷ್ಯನನ್ನು ಕೆಡವುವ ಸಾಧನವೊಂದು ಇದ್ದರೆ ಇಂತಹ ಸಾವುಗಳೇ ಕಡಿಮೆಯಾಗಬಹುದೆಂದು ಯೋಚಿಸಿದವರೂ ಇದ್ದರು. ಜಾಕ್ ಕವರ್ ಎಂಬ ಭೌತವಿಜ್ಞಾನಿ ಅವರಲ್ಲೊಬ್ಬ. ಬಾಲ್ಯದಲ್ಲಿ ಟಾಮ್ ಸ್ವಿಫ್ಟ್ ಎಂಬ ಹುಡುಗನ ಸಾಹಸಕಥೆಗಳನ್ನು ಓದಿ ಬೆಳೆದ ಆತ, 1911ರಲ್ಲಿ ಪ್ರಕಟವಾದ ಕಥೆಯೊಂದರಲ್ಲಿ ಆ ಹುಡುಗ ಬಳಸುವ ‘ವಿದ್ಯುತ್ ಬಂದೂಕ’ವನ್ನು ನೆನೆದು ತನ್ನ ಯಂತ್ರಕ್ಕೆ ಆ ಮಾತುಗಳ ಮೊದಲಕ್ಷರಗಳನ್ನು ಕೂಡಿಸಿ ‘ಟೇಸರ್’ ಎಂದು ಹೆಸರಿಟ್ಟ. ತಂತಿ ಕಟ್ಟಿದ ಎರಡು ಮೊನಚು ಮುಳ್ಳುಗಳು ಚಿಮ್ಮಿ ದೇಹಕ್ಕೆ ನಾಟಿದರೆ, ಕೆಲವು ಸೆಕೆಂಡುಗಳ ಕಾಲ ಸ್ನಾಯುಗಳೆಲ್ಲ ಸೆಟೆದು ಮನುಷ್ಯ ಬೀಳುತ್ತಾನೆ. 1999ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ ಪಿಸ್ತೂಲಿನ ಆಕಾರದ್ದಾಗಿತ್ತು. ಪಿಸ್ತೂಲಿನಲ್ಲಿ ಪಳಗಿದ ಕೈಗೆ ಹೊಸ ಅಭ್ಯಾಸವೇನೂ ಬೇಡ. ಅದೇ ಹಿಡಿ, ಅದೇ ಗುರಿ, ಅದೇ ಕುದುರೆ. ಪೋಲೀಸರಿಗೆ ಅದು ಮೆಚ್ಚುಗೆಯಾಯಿತು. ಅನುಕೂಲವೆನಿಸಿದ ಆ ಹೋಲಿಕೆಯೇ ಅಪಾಯವಾಗಬಹುದೆಂಬುದು ಹೊಳೆಯುವಷ್ಟರಲ್ಲಿ ಪ್ರಾಣಗಳು ಹೋದವು.

2009ರ ಹೊಸವರ್ಷದ ಮೊದಲ ಗಂಟೆಗಳಲ್ಲಿ, ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನ ಫ್ರೂಟ್‌ವೇಲ್ ರೈಲು ನಿಲ್ದಾಣದಲ್ಲಿ ಆಸ್ಕರ್ ಗ್ರಾಂಟ್ ಎಂಬ 22 ವರ್ಷದ ತರುಣ ನೆಲಕ್ಕೆ ಕವುಚಿ ಬಿದ್ದಿದ್ದಾಗ ರೈಲ್ವೆಯ ಪೋಲೀಸನೊಬ್ಬನ ಗುಂಡು ಅವನ ಬೆನ್ನನ್ನು ಹೊಕ್ಕಿತು. ತಾನು ಟೇಸರನ್ನು ತೆಗೆಯಬೇಕೆಂದಿದ್ದೆನೆಂದು ಆ ಪೋಲೀಸ್ ನ್ಯಾಯಾಲಯದಲ್ಲಿ ಹೇಳಿದ. ಟೇಸರ್ ಪಟ್ಟಿಯ ಯಾವ ಕಡೆಗಿತ್ತು, ಯಾವ ಕೈಯಿಂದ ಸೆಳೆಯುವಂತಿತ್ತು, ಎಷ್ಟು ಗಂಟೆಗಳ ಶಿಕ್ಷಣವಾಗಿತ್ತು ಎಂಬುದೆಲ್ಲ ಅಲ್ಲಿ ವಿಚಾರಣೆಯ ವಸ್ತುವಾಯಿತು. ನಡುಪಟ್ಟಿಯ ಜೋಡಣೆ ನ್ಯಾಯಾಧೀಶರ ಮುಂದೆ ಬಂದು ನಿಂತದ್ದು ಹೀಗೆ. 2010ರಲ್ಲಿ ಆತನಿಗೆ ಎರಡು ವರ್ಷಗಳ ಶಿಕ್ಷೆಯಾಯಿತು.

ಟೇಸರನ್ನು ಪಿಸ್ತೂಲಿನ ಎದುರು ಮಗ್ಗುಲಿಗೇ ಇಡಬೇಕು, ಹಳದಿಯಂತಹ ಎದ್ದುಕಾಣುವ ಬಣ್ಣದ್ದಾಗಿರಬೇಕು, ಬಲಗೈಯನ್ನು ಅಡ್ಡ ತಂದು ತೆಗೆಯದೆ ಎಡಗೈಯಿಂದಲೇ ತೆಗೆಯಬೇಕು ಎಂಬ ನಿಯಮಗಳು ಅನೇಕ ಇಲಾಖೆಗಳಲ್ಲಿ ಬೇರೂರಿದವು. ಇಷ್ಟಾದ ಮೇಲೆ ತಪ್ಪಾಗಲಾರದೆಂದು ತೋರುತ್ತದೆ. ಆದರೆ 2021ರ ಏಪ್ರಿಲ್ 11ರ ಭಾನುವಾರ ಮಧ್ಯಾಹ್ನ, ಮಿನೆಸೋಟ ಸಂಸ್ಥಾನದ ಬ್ರೂಕ್ಲಿನ್ ಸೆಂಟರ್ ಎಂಬ ಊರಿನಲ್ಲಿ, 26 ವರ್ಷಗಳ ಅನುಭವವುಳ್ಳ ಪೋಲೀಸ್ ಮಹಿಳೆಯೊಬ್ಬಳು ಹೊಸಬನೊಬ್ಬನಿಗೆ ಕೆಲಸ ಕಲಿಸುತ್ತ ಗಸ್ತಿನಲ್ಲಿದ್ದಳು. ಡಾಂಟೆ ರೈಟ್ ಎಂಬ 20 ವರ್ಷದ ತರುಣನ ಕಾರಿನ ನೋಂದಣಿಯ ಅವಧಿ ಮುಗಿದಿತ್ತು. ಕನ್ನಡಿಗೆ ಸುಗಂಧದ ಬಿಲ್ಲೆಯೊಂದು ತೂಗುತ್ತಿತ್ತು. ನಿಲ್ಲಿಸಿ ವಿಚಾರಿಸಿದಾಗ ಅವನ ಮೇಲೆ ಬಂಧನದ ಆಜ್ಞೆಯಿರುವುದು ತಿಳಿಯಿತು. ಕೈಕೋಳ ತೊಡಿಸಹೋದರೆ ಅವನು ಬಿಡಿಸಿಕೊಂಡು ಕಾರಿನೊಳಗೆ ನುಗ್ಗಿದ. ಆಕೆ ‘ಟೇಸರ್’ ಎಂದು ಮೂರು ಸಲ ಕೂಗಿ ಕುದುರೆಯನ್ನೊತ್ತಿದಳು. ಹಾರಿದ್ದು ಗುಂಡು.

ಆಕೆಯ ಪಟ್ಟಿಯಲ್ಲಿ ಯಾವುದೂ ತಪ್ಪು ಜಾಗದಲ್ಲಿರಲಿಲ್ಲ. ಪಿಸ್ತೂಲು ಬಲಕ್ಕಿತ್ತು, ಟೇಸರ್ ಎಡಕ್ಕಿತ್ತು. ಎಡಗೈಯಿಂದ ನೇರವಾಗಿ ಸೆಳೆಯುವಂತೆಯೇ ಅದನ್ನು ಇಡಲಾಗಿತ್ತು. ಪಿಸ್ತೂಲು ಕಪ್ಪು, ಟೇಸರ್ ಹಳದಿ. ಪಿಸ್ತೂಲಿನ ತೂಕ ಎರಡು ಪೌಂಡಿಗಿಂತ ಹೆಚ್ಚು, ಟೇಸರಿನದು ಒಂದು ಪೌಂಡಿಗಿಂತ ಕಡಿಮೆ. ಬಾಯಿ ಒಂದರ ಹೆಸರನ್ನು ಹೇಳುತ್ತಿದ್ದಾಗ ಕೈ ಮತ್ತೊಂದನ್ನು ಹಿಡಿದಿತ್ತು. ಆಕೆಯ ಪರವಾಗಿ ಬಂದ ಮನಶ್ಶಾಸ್ತ್ರಜ್ಞ, ಗಾಬರಿಯ ಹೊತ್ತಿನಲ್ಲಿ ಹೊಸ ಅಭ್ಯಾಸದ ಜಾಗವನ್ನು ಹಳೆಯ, ಗಟ್ಟಿಯಾದ ಅಭ್ಯಾಸ ಆಕ್ರಮಿಸುತ್ತದೆಂದು ವಿವರಿಸಿದ. ಸರ್ಕಾರದ ವಕೀಲರು ಅದನ್ನು ಒಪ್ಪಲಿಲ್ಲ. ಇಂತಹ ತಪ್ಪು ಸಂಭವಿಸಬಹುದೆಂದು ಆಕೆಗೆ ಮತ್ತೆ ಮತ್ತೆ ಕಲಿಸಿದ್ದರೆಂದೂ, ಅಪಾಯ ಗೊತ್ತಿದ್ದವರ ಹೊಣೆ ಹೆಚ್ಚೇ ಹೊರತು ಕಡಿಮೆಯಲ್ಲವೆಂದೂ ಅವರು ವಾದಿಸಿದರು. ಪಾಳಿಯ ಆರಂಭದಲ್ಲಿ ಟೇಸರನ್ನು ಒರೆಯಿಂದ ತೆಗೆದು ಕಿಡಿ ಹಾರಿಸಿ ಪರೀಕ್ಷಿಸಬೇಕೆಂಬ ನಿಯಮವಿತ್ತು. ಆ ದಿನ ಅದು ನಡೆದಿರಲಿಲ್ಲವೆಂಬುದೂ ಹೊರಬಂತು. ಅದು ಬ್ಯಾಟರಿಯ ಪರೀಕ್ಷೆ ಮಾತ್ರವಲ್ಲ. ಎಡಗೈಗೆ ತನ್ನ ಕೆಲಸವನ್ನು ನಿತ್ಯವೂ ಒಂದು ಸಲ ನೆನಪಿಸುವ ಪಾಠವೂ ಹೌದು. 2021ರ ಡಿಸೆಂಬರ್ 23ರಂದು ಪಂಚರು ಆಕೆಯನ್ನು ತಪ್ಪಿತಸ್ಥಳೆಂದರು. 2022ರ ಫೆಬ್ರವರಿಯಲ್ಲಿ ಎರಡು ವರ್ಷಗಳ ಶಿಕ್ಷೆ ವಿಧಿಸಲಾಯಿತು. ಸೆರೆಮನೆಯಲ್ಲಿ 16 ತಿಂಗಳು ಕಳೆದು 2023ರ ಏಪ್ರಿಲಿನಲ್ಲಿ ಆಕೆ ಹೊರಬಂದಳು. ಸತ್ತವನಿಗೆ ಎಳೆಯ ಮಗನೊಬ್ಬನಿದ್ದ. ಆ ಶಿಕ್ಷೆ ತೀರ ಅಲ್ಪವೆಂದು ಅವನ ಮನೆಯವರು ಕಣ್ಣೀರಿಟ್ಟುದು ಸಹಜವೇ.

ಹಾಗಾದರೆ ಟೇಸರನ್ನು ಪಟ್ಟಿಯಿಂದಲೇ ತೆಗೆದು ಎದೆಗೆ ಏರಿಸಿದರೇನು? ಸಾಮಾನನ್ನೆಲ್ಲ ಸೊಂಟದಿಂದ ಎದೆಗೆ ಸಾಗಿಸುವ ಪ್ರಯತ್ನಗಳು ಬೇರೊಂದು ಕಾರಣಕ್ಕಾಗಿ ಆಗಲೇ ನಡೆದಿದ್ದವು. ವಿಸ್ಕಾನ್ಸಿನ್ ಸಂಸ್ಥಾನದ ಓ ಕ್ಲೇರ್ ನಗರದಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದವರು ಪೋಲೀಸರ ಸಹಕಾರದಿಂದ, ಭಾರವನ್ನು ಸೊಂಟದ ಮೇಲೆ ಹೊತ್ತವರನ್ನೂ ಜೇಬುಗಳುಳ್ಳ ಮೇಲಂಗಿಯಲ್ಲಿ ಹೊತ್ತವರನ್ನೂ ಹೋಲಿಸಿ ನೋಡಿದರು. ಮೇಲಂಗಿಯವರ ಬೆನ್ನುನೋವು ತಗ್ಗಿತ್ತು. ವೈರ್‌ಲೆಸ್, ಕೈಕೋಳ, ಟೂರ್ನಿಕೆಟ್, ಮ್ಯಾಗಜಿನ್ ಮೊದಲಾದವು ಎದೆಯ ಮೇಲಿನ ಜೇಬುಗಳನ್ನು ಸೇರಿದರೆ ಸೊಂಟದಲ್ಲಿ ಉಳಿಯುವುದು ಪಿಸ್ತೂಲು ಮತ್ತು ಒಂದೆರಡು ಸಾಮಾನು ಮಾತ್ರ; ಇಪ್ಪತ್ತೆಂಟು ಅಂಗುಲದವರ ಲೆಕ್ಕವೂ ಸರಿಹೋಗುತ್ತದೆ. ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಎದೆಯ ತುಂಬ ಆಯುಧಗಳನ್ನು ಹೇರಿಕೊಂಡು ಬಂದವನು ಊರನ್ನು ಕಾಯುವವನಂತೆ ಕಾಣದೆ ಯುದ್ಧಕ್ಕೆ ಬಂದವನಂತೆ ಕಾಣುತ್ತಾನೆಂದು ಹಲವು ನಗರಗಳ ಹಿರಿಯರು ಹಿಂಜರಿದಿದ್ದಾರೆ. ಹೊರಗಿನಿಂದ ಸಾಧಾರಣ ಅಂಗಿಯಂತೆಯೇ ತೋರುವ ಮೇಲಂಗಿಗಳನ್ನು ಹೊಲಿಸಿ ಆ ಆಕ್ಷೇಪಕ್ಕೆ ಉತ್ತರ ಕೊಟ್ಟ ಇಲಾಖೆಗಳೂ ಉಂಟು.

ಎದೆಗೆ ಏರಿಸಿದ ಟೇಸರನ್ನೂ ಪಿಸ್ತೂಲಿನ ಕೈ ಮುಟ್ಟದಂತೆಯೇ ಇಡಬೇಕು. ಆ ನಿಯಮ ಬದಲಾಗಿಲ್ಲ. ಜಾಗ ಬದಲಿಸಿದ ಅಧಿಕಾರಿ ಮನೆಯಲ್ಲಿ ಗುಂಡು ತೆಗೆದ ಪಿಸ್ತೂಲನ್ನೂ ಖಾಲಿ ಟೇಸರನ್ನೂ ತೊಟ್ಟು, ಕನ್ನಡಿಯ ಮುಂದೆ ನಿಂತು, ಎಡಗೈಗೆ ಹೊಸ ದಾರಿಯನ್ನು ದಿನವೂ ಕಲಿಸಬೇಕಾಗುತ್ತದೆ. ಮೇಲಂಗಿ ತೊಟ್ಟು ತಿಂಗಳಾದ ಮೇಲೂ ವೈರ್‌ಲೆಸ್ ಕೂಗಿದಾಗ ಕೈ ಎದೆಗೆ ಹೋಗದೆ ಎಡ ಸೊಂಟಕ್ಕೆ ಇಳಿಯುತ್ತದೆ. ಅಲ್ಲಿ ಏನೂ ಇರುವುದಿಲ್ಲ.